ಹೊರಗೆ ಕೂತ ಟೈಪಿಂಗ್ ಮೇಡಂ

ಅವರ ಎರಡೂ ಕಿರುಬೆರಳುಗಳು ಹೊರಕ್ಕೆ ಬಾಗಿದ್ದವು. ಕಾಫಿ ಲೋಟ ಹಿಡಿದರೆ ಉಳಿದ ಬೆರಳುಗಳು ಲೋಟವನ್ನು ಸುತ್ತಿಕೊಳ್ಳುತ್ತಿದ್ದವು, ಆ ಎರಡು ಮಾತ್ರ ದೂರ ನಿಂತಿರುತ್ತಿದ್ದವು. ಮೂವತ್ತೈದು ವರ್ಷ ಟೈಪ್‌ರೈಟರಿನ ಅಂಚಿನ ಅಕ್ಷರಗಳನ್ನು ಕುಟ್ಟಿ ಕುಟ್ಟಿ ಹಾಗಾಯಿತು ಎಂದು ಅವರೇ ಹೇಳುತ್ತಿದ್ದರು. ನಂಜನಗೂಡಿನ ಪೇಟೆಯಲ್ಲಿ ಅವರು ಎಲ್ಲರಿಗೂ ಟೈಪಿಂಗ್ ಮೇಡಂ. ಮದುವೆಯಾಗಿರಲಿಲ್ಲ. ಒಂದು ಬಾಡಿಗೆ ಮನೆ, ಅದರ ಮುಂದಿನ ಕೋಣೆಯಲ್ಲಿ ಎಂಟು ಮಷೀನು, ನಾನು ನೋಡುವ ಹೊತ್ತಿಗೆ ಐದೇ ಜನ ವಿದ್ಯಾರ್ಥಿಗಳು.

ನಾನು ಆರೋಗ್ಯ ವಿಮೆಯ ಅರ್ಜಿಗಳನ್ನು ಪರಿಶೀಲಿಸುವ ಒಂದು ಕಂಪನಿಯಲ್ಲಿದ್ದೇನೆ. ನಮ್ಮ ಆಫೀಸು ಮುಚ್ಚಿ, ಒಬ್ಬೊಬ್ಬರಿಗೆ ಒಂದೊಂದು ಲ್ಯಾಪ್‌ಟಾಪ್ ಕೊಟ್ಟು, ಇನ್ನು ಮೇಲೆ ಮನೆಯಿಂದಲೇ ಕೆಲಸ ಎಂದರು. ಹೆಮ್ಮರಗಾಲದ ಕಡೆಯ ನಮ್ಮೂರಿನಲ್ಲಿ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ನಂಜನಗೂಡಿನಲ್ಲಿ ಒಂದು ರೂಮು ಹಿಡಿದೆ. ಮೊದಲ ತಿಂಗಳು ಹಾಯೆನಿಸಿತು. ಆಮೇಲೆ ಹಾಲಿನವನ ಜೊತೆ ಮಾತು ಬೆಳೆಸಲು ನೆಪ ಹುಡುಕತೊಡಗಿದೆ. ಕೊನೆಗೆ ಅದನ್ನೂ ಬಿಟ್ಟೆ.

ಒಂದು ದಿನ ಬಾಡಿಗೆ ಕರಾರು ಟೈಪ್ ಮಾಡಿಸಲು ಮೇಡಂ ಹತ್ತಿರ ಹೋದೆ. ಬಾಯಿ ತೆರೆದರೆ ದನಿ ಬರಲಿಲ್ಲ. ಕೆಮ್ಮಿ, ಇನ್ನೊಮ್ಮೆ ಪ್ರಯತ್ನಿಸಿದೆ. ಒಡಕು ದನಿಯಲ್ಲಿ ಏನೋ ಹೊರಟಿತು.

"ನೆಗಡೀನಾ?" ಎಂದರು.

"ಇಲ್ಲ ಮೇಡಂ."

ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಎಷ್ಟು ದಿನ ಆಯ್ತು ಮಾತಾಡಿ?"

ಲೆಕ್ಕ ಹಾಕಿದೆ. ನಾಲ್ಕು ದಿನವಾಗಿತ್ತು. ನಾನು ಏನೂ ಹೇಳುವ ಮೊದಲೇ ಅವರು ಎದ್ದು, ಹಿಂದಿನ ಟೇಬಲ್ಲಿನ ಮೇಲಿದ್ದ ಹಳೇ ಮಷೀನನ್ನು ಕೆಳಗಿಳಿಸಿ, ಸೆರಗಿನಿಂದ ಧೂಳು ಒರೆಸಿದರು. "ನಾಳೆಯಿಂದ ಲ್ಯಾಪ್‌ಟಾಪ್ ಇಲ್ಲೇ ತಗೊಂಬಾ. ಪ್ಲಗ್ ಇದೆ."

ಅವರು ಹೆಚ್ಚು ಮಾತಿನವರಲ್ಲ. ನನ್ನ ಮನೆತನ, ಮದುವೆ, ಸಂಬಳ ಯಾವುದನ್ನೂ ಕೇಳಲಿಲ್ಲ. ಹನ್ನೊಂದಕ್ಕೆ ಸರಿಯಾಗಿ "ಎದ್ದೇಳು, ಬೆನ್ನು ನೆಟ್ಟಗೆ ಮಾಡ್ಕೊ" ಎನ್ನುತ್ತಿದ್ದರು. ಕಾಫಿ ಕೊಡುತ್ತಿದ್ದರು. ವಿದ್ಯಾರ್ಥಿಗಳಿಲ್ಲದ ಹೊತ್ತಿನಲ್ಲಿ ತಾವೇ ಒಂದು ಮಷೀನಿನ ಮುಂದೆ ಕೂತು ಟೈಪು ಮಾಡುತ್ತಿದ್ದರು. ಒಮ್ಮೆ ಹೋಗಿ ಕಾಗದ ನೋಡಿದೆ. ಮೊದಲನೇ ಪಾಠದ ಅಕ್ಷರಗಳೇ ಸಾಲು ಸಾಲಾಗಿ ಪುಟದ ತುಂಬ ಇದ್ದವು.

"ಯಾಕೆ ಮೇಡಂ ಇದು?"

"ಶಬ್ದ ಇರ್ಲಿ ಅಂತ" ಎಂದರು. "ನಿನ್ನ ಡಬ್ಬಕ್ಕೆ ಶಬ್ದಾನೇ ಇಲ್ವಲ್ಲ."

ಹೀಗೆ ಒಂದು ವರ್ಷಕ್ಕೂ ಮಿಕ್ಕಿ ನಡೆಯಿತು. ನನ್ನ ದನಿ ಸರಿಹೋಯಿತು. ನಗುವುದೂ ಬಂತು.

ಆಮೇಲೆ ಕಂಪನಿ ಹೊಸ ನಿಯಮ ತಂದಿತು. ರೋಗಿಗಳ ಕಾಗದಪತ್ರ ಹೊರಗಿನವರ ಕಣ್ಣಿಗೆ ಬೀಳಬಾರದು, ಕೆಲಸ ಮಾಡುವ ಕೋಣೆಯಲ್ಲಿ ಇನ್ನೊಬ್ಬರು ಇರಕೂಡದು. ಲ್ಯಾಪ್‌ಟಾಪಿನ ಕ್ಯಾಮೆರಾ ತಾನಾಗಿಯೇ ಆಗಾಗ ಫೋಟೊ ತೆಗೆಯುತ್ತಿತ್ತು. ವಾರದೊಳಗೆ ಸೂಪರ್‌ವೈಸರ್ ಒಂದು ಫೋಟೊ ಕಳಿಸಿದಳು. ನನ್ನ ಹೆಗಲ ಹಿಂದೆ ಕಾಫಿ ಲೋಟ ಹಿಡಿದ ಮೇಡಂ, ಅರ್ಧ ಮುಖ. ಹಿಂದೆ ಇರುವವರು ಯಾರು ಎಂದು ಕೇಳಿದ್ದಳು. ಮನೆ ಓನರ್, ತಿಳಿಯದೆ ಬಂದರು ಎಂದು ಬರೆದೆ. ಇನ್ನೊಮ್ಮೆ ಹೀಗಾದರೆ ಕೆಲಸವಿಲ್ಲ ಎಂದು ಉತ್ತರ ಬಂತು.

"ನಾನು ರೂಮಿಗೇ ವಾಪಸ್ ಹೋಗ್ತೀನಿ ಮೇಡಂ" ಎಂದೆ.

"ಹೋಗಿ ಮತ್ತೆ ಗಂಟಲು ಕಟ್ಟಿಸ್ಕೊಂಡು ಬರ್ತೀಯಾ? ಬೇಡ. ನೀನು ಒಳಗಿರು. ನಾನೇ ಆಚೆ ಕೂತ್ಕೋತೀನಿ. ಕ್ಲಾಸು ಸಾಯಂಕಾಲ ಮಾಡಿದ್ರಾಯ್ತು."

ಬಾಯಿಮಾತಿಗೆ ಒಂದು ಸಲ ಬೇಡ ಎಂದೆ. ಎರಡನೇ ಸಲ ಅನ್ನಲಿಲ್ಲ.

ಆ ಬೇಸಗೆಯೆಲ್ಲ ಅವರು ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತರು. ಒಳಗೆ ನಾನು, ಬಾಗಿಲು ಹಾಕಿತ್ತು. ಟೈಪಿನ ಶಬ್ದ ನಿಂತಿತು. ದಾರಿಯಲ್ಲಿ ಹೋಗುವವರು "ಯಾಕ್ ಮೇಡಂ ಬಿಸ್ಲಲ್ಲಿ ಕೂತಿದ್ದೀರಾ?" ಎಂದರೆ "ಒಳಗೆ ಆಫೀಸ್ ನಡೀತಾ ಇದೆ ಕಣ್ರೀ" ಎನ್ನುತ್ತಿದ್ದರು. ಆ ದನಿಯಲ್ಲಿ ಹೆಮ್ಮೆ ಇರುತ್ತಿತ್ತು. ಅದು ನನಗೆ ಕಿಟಕಿಯಿಂದ ಕೇಳುತ್ತಿತ್ತು. ಕಿಟಕಿಯನ್ನೂ ಹಾಕಿಕೊಂಡೆ. ಸಾಯಂಕಾಲ ಬಿಡುವಿಲ್ಲದ ಮೂವರು ವಿದ್ಯಾರ್ಥಿಗಳು ಕಂಪ್ಯೂಟರ್ ಸೆಂಟರಿಗೆ ಸೇರಿದರು. ಅದನ್ನು ಮೇಡಂ ನನಗೆ ಹೇಳಲಿಲ್ಲ, ಪಕ್ಕದ ಅಂಗಡಿಯವನು ಹೇಳಿದ. ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮಳೆಗಾಲ ಮುಗಿಯುವಾಗ ಅವರಿಗೆ ಲಕ್ವ ಹೊಡೆಯಿತು. ತಿ. ನರಸೀಪುರದಿಂದ ಅವರ ತಂಗಿ ಬಂದು ಕರೆದುಕೊಂಡು ಹೋದರು. ಮನೆಯ ಮಾಲೀಕ ಬೀಗ ಹಾಕಿದ. ನಾನು ರೂಮಿಗೆ ಮರಳಿದೆ.

ಮೇಡಂ ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ನಾಲಿಗೆ ತೊದಲುತ್ತಿತ್ತು. "ಭಾನುವಾರ ಬಾರೇ. ಒಂದು ಗಂಟೆ ದಾರಿ."

"ಭಾನುವಾರನೂ ಕೆಲಸ ಇದೆ ಮೇಡಂ."

"ಹಾಗಾದ್ರೆ ಬೇಡ. ಕೆಲಸ ನೋಡ್ಕೊ."

ಒಂದು ಭಾನುವಾರ ತಲೆ ಬಾಚಿಕೊಂಡು ಬಸ್ ಸ್ಟ್ಯಾಂಡಿನವರೆಗೆ ಹೋದೆ. ನರಸೀಪುರದ ಬಸ್ಸು ನಿಂತಿತ್ತು, ಸೀಟೂ ಇತ್ತು. ಹತ್ತಲಿಲ್ಲ. ಅವರನ್ನು ಬಿಸಿಲಿನಲ್ಲಿ ಕೂರಿಸಿದ ನಾಚಿಕೆ ಇತ್ತು, ನಿಜ. ಅದಕ್ಕಿಂತ ಹೆಚ್ಚಾಗಿ, ವಾರವಿಡೀ ಯಾರ ಮುಖವನ್ನೂ ನೋಡದೆ ಅಭ್ಯಾಸವಾಗಿ, ಮತ್ತೊಬ್ಬರ ಎದುರು ಕೂರುವುದೇ ಭಾರವೆನಿಸುತ್ತಿತ್ತು. ಒಂಟಿತನ ಬೇಡ ಎಂದು ಅವರ ಹತ್ತಿರ ಹೋದವಳು ನಾನು. ಈಗ ಅದನ್ನು ಬಿಟ್ಟು ಬರಲು ನನಗೇ ಮನಸ್ಸಿರಲಿಲ್ಲ. ಹೀಗೆ ಐದು ತಿಂಗಳು ಕಳೆದವು.

ಒಂದು ಗುರುವಾರ ಅವರ ನಂಬರಿನಿಂದ ತಂಗಿ ಮಾತಾಡಿದರು. ಮೇಡಂ ಬೆಳಗಿನ ಜಾವ ಹೋಗಿಬಿಟ್ಟಿದ್ದರು. ಸೂಪರ್‌ವೈಸರಿಗೆ ರಜೆ ಬೇಕು ಎಂದು ಬರೆದೆ. ಎರಡು ನಿಮಿಷದಲ್ಲಿ ಸಿಕ್ಕಿತು. ಕಾರಣ ಕೂಡ ಕೇಳಲಿಲ್ಲ.

ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅಂಗಳದಲ್ಲಿ ಕೂತಿದ್ದ ತಂಗಿ ನನ್ನ ಕೈ ಹಿಡಿದುಕೊಂಡರು.

"ನೀನೇ ಏನವ್ವಾ ಆ ಮಗ? ಅಕ್ಕ ದಿನಾ ನಿನ್ ಸುದ್ದಿನೇ ಏಳೋಳು. ಭಾನುವಾರನೂ ಬುಡಕಿಲ್ವಂತೆ ಆ ಕಂಪ್ನಿಯೋರು, ಪಾಪ, ಒಬ್ಬಳೇ ಕೂತ್ಕೊಂಡು ಗೇಯ್ತದೆ, ಇಲ್ದಿದ್ರೆ ಬರೋಳು ಅಂತ. ಅಂಗೇನವ್ವಾ?"

ಭಾನುವಾರ ನಮಗೆ ಯಾವತ್ತೂ ಕೆಲಸವಿರಲಿಲ್ಲ.

"ಹೂಂ" ಎಂದೆ.