ಬೀಬಿಜಾನಳ ಹೆಸರಿನ ಆರುನೂರ ಹನ್ನೆರಡು ಅಕ್ಷರ

ಗೊಬ್ಬೂರಿನ ಮೆಹರಾಜಬೇಗಂ ಮನಿಯಾರ ಹುಟ್ಟಿದ್ದು 1968ರ ಜನವರಿ ಒಂದರಂದು ಎಂದು ಸರಕಾರಿ ಕಾಗದಗಳು ಹೇಳುತ್ತವೆ. ಇದನ್ನು ನಂಬಬೇಕಾಗಿಲ್ಲ. ಆ ಊರಿನಲ್ಲಿ ಜನ್ಮದಿನ ತಿಳಿಯದವರೆಲ್ಲರೂ ಜನವರಿ ಒಂದರಂದೇ ಹುಟ್ಟಿದವರು. ಮೊಹರಮ್ಮಿನ ಹತ್ತನೆಯ ದಿನ ಹೆತ್ತೆನೆಂದು ಆಕೆಯ ತಾಯಿ ಹೇಳುತ್ತಿದ್ದಳಂತೆ. ಆ ಲೆಕ್ಕ ಹಿಡಿದರೆ ಅದೇ ವರ್ಷದ ಏಪ್ರಿಲ್ ತಿಂಗಳ ಎರಡನೆಯ ವಾರ ಬರುತ್ತದೆ.

ಹದಿನಾರು ತುಂಬಿದಾಗ ಗುಡುಸಾಬನನ್ನು ಮದುವೆಯಾಗಿ ಬಂದಳು. ಮನಿಯಾರರ ಕಸುಬಾದ ಬಳೆ ತೊಡಿಸುವುದನ್ನು ಅತ್ತೆಯಿಂದ ಕಲಿತಳು. ಎಡಗೈಯಲ್ಲಿ ಗಿರಾಕಿಯ ಕೈ ಹಿಡಿಯಬೇಕು. ಗೆಣ್ಣುಗಳನ್ನು ಮೆಲ್ಲಗೆ ಒತ್ತಿ, ಹೆಬ್ಬೆರಳನ್ನು ಒಳಗೆ ಮಡಚಿ, ಬಲಗೈಯಿಂದ ಬಳೆ ಏರಿಸಬೇಕು. ಕೊನೆಯ ಬಳೆ ಏರುವವರೆಗೆ ಎಡಗೈ ಸಡಿಲಿಸಬಾರದು. ನಲವತ್ತು ವರ್ಷ ಹೀಗೆ ಅಫಜಲಪುರದ ಸಂತೆಯಲ್ಲಿ, ಜೇವರ್ಗಿಯ ಓಣಿಗಳಲ್ಲಿ, ಅತ್ತ ಆಳಂದ ತಾಲೂಕಿನ ಹಿರೋಳ್ಳಿಯವರೆಗೆ ಹೆಂಗಸರ ಕೈ ಹಿಡಿದು ಬಂದವಳು ಆಕೆ. ಮುಖ ಮರೆತರೂ ಕೈ ಮರೆಯುತ್ತಿರಲಿಲ್ಲ. ಮಾತನಾಡುವಾಗಲೂ ಎದುರಿನವರ ಮುಂಗೈ ಹಿಡಿದೇ ಮಾತನಾಡುತ್ತಿದ್ದಳು. ಹಿಡಿದದ್ದು ಆಕೆಗೇ ಗೊತ್ತಾಗುತ್ತಿರಲಿಲ್ಲ.

ಮದುಮಗಳು ದೂರದ ಊರಿನವಳಾದರೆ ಆಕೆಯ ಮುಷ್ಟಿಯ ಸುತ್ತಳತೆಯನ್ನು ದಾರದಲ್ಲಿ ಹಿಡಿದು, ಗಂಟು ಹಾಕಿ, ತಗಡಿನ ಡಬ್ಬಿಯಲ್ಲಿಡುವುದು ವಾಡಿಕೆ. ಯಾವ ದಾರ ಯಾರದೆಂಬುದು ತಲೆಯಲ್ಲೇ ಇರುತ್ತಿತ್ತು. 2023ರ ನವೆಂಬರ್ 9, ಗುರುವಾರ, ಮೊದಲ ಬಾರಿಗೆ ಎರಡು ದಾರಗಳು ಅದಲುಬದಲಾದವು. ಜೇವರ್ಗಿಯ ಮದುಮಗಳಿಗೆ ಹಿರೋಳ್ಳಿಯವಳ ಅಳತೆಯ ಬಳೆ ಹೋಯಿತು. ಬಲವಂತವಾಗಿ ಏರಿಸಲು ಹೋಗಿ ಬಳೆ ಒಡೆದು ಹುಡುಗಿಯ ಕೈಯಿಂದ ರಕ್ತ ಬಂತು. ಮನೆಗೆ ಬಂದ ಮೆಹರಾಜಬೇಗಂ ಡಬ್ಬಿ ತೆರೆದು ದಾರಗಳನ್ನೆಲ್ಲ ನೆಲದ ಮೇಲೆ ಹರಡಿದಳು. ಅಂಕಿಗಳನ್ನು ಬಲ್ಲಳು, ಎರಡು-ನಾಲ್ಕು, ಎರಡು-ಆರು ಎಂಬ ಬಳೆಯ ಅಳತೆಗಳು ಆಕೆಗೆ ಬಾಯಿಪಾಠ. ಆದರೆ ಹೆಸರು ಬರೆಯಲು ಬರುತ್ತಿರಲಿಲ್ಲ.

ಆದ್ದರಿಂದ 2024ರ ಜನವರಿ 8, ಸೋಮವಾರ, ಊರಿನ ಸಮುದಾಯ ಭವನದಲ್ಲಿ ಹೆಂಗಸರಿಗಾಗಿ ಅಕ್ಷರ ವರ್ಗ ಆರಂಭವಾದಾಗ ಮೊದಲು ಹೋಗಿ ಕುಳಿತವಳು ಆಕೆಯೇ. ಪಕ್ಕದ ಮನೆಯ ಬೀಬಿಜಾನಳನ್ನೂ ಎಳೆದುಕೊಂಡು ಹೋದಳು. ಬೀಬಿಜಾನ ಅರವತ್ತು ದಾಟಿದವಳು, 2011ರಲ್ಲಿ ಗಂಡನನ್ನು ಕಳೆದುಕೊಂಡವಳು, ಅಂದಿನಿಂದ ಬಳೆಯಿಲ್ಲದ ಬರಿಗೈಯವಳು. ಓದು ಬೇಕಾಗಿಲ್ಲ, ಚಹಾ ಕೊಡುತ್ತಾರೆಂದು ಬರುತ್ತೇನೆ ಎಂದು ಆಕೆ ಮೊದಲೇ ಹೇಳಿದ್ದಳು.

ಹತ್ತು ಹೆಂಗಸರಿಗೆ ಒಂದೇ ದೊಡ್ಡ ಸ್ಪರ್ಶಪರದೆ. ಅದನ್ನು ಎಲ್ಲರೂ ಗಾಜು ಎನ್ನುತ್ತಿದ್ದರು. ಪರದೆಯ ಮೇಲೆ ಮಸುಕಾಗಿ ಮೂಡುವ ಅಕ್ಷರವನ್ನು ಬೆರಳಿನಿಂದ ತಿದ್ದಬೇಕು. ಯಾರು ತಿದ್ದಿದರೆಂದು ತಿಳಿಯಲು ಪ್ರತಿಯೊಬ್ಬರ ಬಲಗೈಗೆ ಒಂದು ರಬ್ಬರಿನ ಕೈಪಟ್ಟಿ. ಇವನ್ನು ಪ್ರಯೋಗಕ್ಕೆಂದು ಕಲಬುರಗಿಯಿಂದ ತಂದವನು ಗುರುಶಾಂತನೆಂಬ ತಾಂತ್ರಿಕ ಅಧ್ಯಾಪಕ. ಕಲಿಸುವವಳು ಅಫಜಲಪುರದಿಂದ ಬಸ್ಸಿನಲ್ಲಿ ಬರುವ ವಿಜಯಶ್ರೀ.

"ಇದಕ್ಕ ಕಣ್ಣಿಲ್ಲ, ಮೂಗಿಲ್ಲ. ನಾನಂತ ಹೆಂಗ ಗೊತ್ತಾಗ್ತದವ್ವಾ?" ಎಂದು ಮೆಹರಾಜಬೇಗಂ ಮೊದಲ ದಿನವೇ ಕೇಳಿದ್ದಳು.

"ಕೈಪಟ್ಟಿ ಒಂದು ಸಣ್ಣ ಸುದ್ದಿ ಕಳಸ್ತದ್ರಿ ಚಾಚಿ. ಅದು ನಿಮ್ಮ ಮೈಯಾಗಿಂದ ಹಾದು, ಬೆರಳಿಗಿ ಬಂದು ಗಾಜಿಗಿ ಮುಟ್ತದ. ಒಬ್ಬೊಬ್ಬರದು ಒಂದೊಂದು ಸುದ್ದಿ," ಎಂದಳು ವಿಜಯಶ್ರೀ.

"ಮೈಯಾಗಿಂದ? ನನಗ ಏನೂ ಆಗವಲ್ದಲ್ಲ!"

"ಮಾತಾಡಿ ಮಾತಾಡಿ ನಿನ್ನ ಮೈ ಮರಗಟ್ಟೇದ ಬಿಡು," ಎಂದಳು ಬೀಬಿಜಾನ.

ಆ ಸುದ್ದಿ ಎತ್ತ ಹೋಗುತ್ತದೆ ಎಂಬ ಕುತೂಹಲ ಮೆಹರಾಜಬೇಗಂಳನ್ನು ಬಿಡಲಿಲ್ಲ. ಮೊಣಕೈಯಿಂದ ಮುಟ್ಟಿ ನೋಡಿದಳು, ಸೆರಗು ಸುತ್ತಿದ ಬೆರಳಿನಿಂದ ಮುಟ್ಟಿ ನೋಡಿದಳು, ಬೈಸಿಕೊಂಡಳು. ಅಕ್ಷರಗಳನ್ನು ಮಾತ್ರ ಶ್ರದ್ಧೆಯಿಂದ ತಿದ್ದಿದಳು. ಸೋಮವಾರದಿಂದ ಶುಕ್ರವಾರದವರೆಗೆ, ಮಧ್ಯಾಹ್ನ ಎರಡರಿಂದ ನಾಲ್ಕು. ಬಳೆ ಮಾರಲು ಹೋಗುವ ಸಮಯವನ್ನೇ ಬೆಳಿಗ್ಗೆಗೆ ಬದಲಿಸಿಕೊಂಡಳು.

ಫೆಬ್ರವರಿ 28, ಬುಧವಾರ, ಯಾರು ಎಷ್ಟು ಅಕ್ಷರ ತಿದ್ದಿದರೆಂದು ಗಾಜು ಎಣಿಸಿಟ್ಟ ಯಾದಿಯನ್ನು ವಿಜಯಶ್ರೀ ಓದಿದಳು. ಇನ್ನೂರು ಅಕ್ಷರ ತಿದ್ದಿದವರ ಹೆಸರುಗಳನ್ನು ಮಾರ್ಚ್ 17ರ ಸಾಕ್ಷರತಾ ಪರೀಕ್ಷೆಗೆ ಕಳಿಸುವುದು ನಿಯಮ. ಕಳಿಸಲು ಕೊನೆಯ ದಿನ ಮಾರ್ಚ್ 2, ಶನಿವಾರ, ಸಂಜೆ ಐದು ಗಂಟೆ. ಮತ್ತೆ ಪರೀಕ್ಷೆ ನಡೆಯುವುದು ಬರುವ ವರ್ಷ.

"ಬೀಬಿಜಾನ, ಆರುನೂರ ಹನ್ನೆರಡು. ಎಲ್ಲಾರಕಿಂತ ಮುಂದ." ವಿಜಯಶ್ರೀ ಕೊನೆಯ ಸಾಲಿಗೆ ಬಂದಳು. "ಮೆಹರಾಜಬೇಗಂ... ನಾಲ್ಕು."

ಭವನದಲ್ಲಿ ನಗೆಯೆದ್ದಿತು. ನಗದವರು ಇಬ್ಬರೇ.

"ಯಾ ಅಲ್ಲಾ, ನಾ ಎಲ್ಲಿ ಬರದೀನಿ?" ಎಂದಳು ಬೀಬಿಜಾನ. "ಎರಡು ಸಲ ಮುಟ್ಟೀನಿ. ಒಂದು ಸಲ ಅದರ ಮ್ಯಾಲಿನ ಚಹಾ ಒರಸಾಕ."

"ಟೀಚರಮ್ಮಾ, ನಾ ಬರದದ್ದು ನೀವು ಕಣ್ಣಾರೆ ನೋಡೀರಿ," ಎಂದಳು ಮೆಹರಾಜಬೇಗಂ.

"ನೋಡೀನ್ರಿ ಚಾಚಿ. ಆದ್ರ ನನ್ನ ಮಾತು ನಡಿಯಂಗಿಲ್ಲ. ಗಾಜಿನ ಯಾದಿನ ಕಳಸಬೇಕು."

ಮನೆಯಲ್ಲಿ ಗುಡುಸಾಬ, ಯಂತ್ರ ಕೆಟ್ಟಿದೆ, ಬರುವ ವರ್ಷ ನೋಡಿದರಾಯಿತು ಎಂದ. ಬರುವ ವರ್ಷದೊಳಗೆ ಇನ್ನೆಷ್ಟು ದಾರ ಅದಲುಬದಲಾಗುತ್ತವೆ ಎಂದು ಅವಳು ಕೇಳಿದಳು. ಅವಳನ್ನು ಕಾಡುತ್ತಿದ್ದುದು ಆರುನೂರ ಹನ್ನೆರಡಲ್ಲ, ಆ ನಾಲ್ಕು. ಕೆಟ್ಟ ಯಂತ್ರ ನಾಲ್ಕನ್ನಾದರೂ ಹೇಗೆ ಸರಿಯಾಗಿ ಬರೆದುಕೊಂಡಿತು?

ಮರುದಿನ, ಫೆಬ್ರವರಿ 29ರಂದು, ಅದನ್ನೇ ಕೇಳಿದಳು. ವಿಜಯಶ್ರೀ ಯಾದಿಯಲ್ಲಿ ಹುಡುಕಿ, ನಾಲ್ಕೂ ಫೆಬ್ರವರಿ 12, ಸೋಮವಾರದವು ಎಂದಳು.

"ಅವತ್ತ ನಾ ಇದ್ದಿಲ್ಲ," ಎಂದಳು ಬೀಬಿಜಾನ. "ಜೇವರ್ಗಿಗಿ ತಂಗಿ ಮನಿಗಿ ಹೋಗಿದ್ದೆ."

ವಿಜಯಶ್ರೀ ಗುರುಶಾಂತನಿಗೆ ಫೋನು ಮಾಡಿ, ಅವನು ಹೇಳಿದಂತೆ, ಮುಟ್ಟಿದವರ ಹೆಸರು ಪರದೆಯ ಮೂಲೆಯಲ್ಲಿ ಕಾಣುವ ಹಾಗೆ ಮಾಡಿದಳು. ಇಷ್ಟು ದಿನ ಅದನ್ನು ಮುಚ್ಚಿಡಲಾಗಿತ್ತು. ಮೆಹರಾಜಬೇಗಂ ಎಂದಿನಂತೆ ಕುಳಿತು ಒಂದು 'ಗ' ತಿದ್ದಿದಳು. ಮೂಲೆಯಲ್ಲಿ ಏನೋ ಮೂಡಿತು. ಅವಳು ಬಾಗಿ, ಒಂದೊಂದೇ ಅಕ್ಷರಕ್ಕೆ ತುಟಿ ಅಲುಗಿಸಿದಳು.

"ಬೀ... ಬಿ... ಜಾ... ನ."

ಯಾರ ಸಹಾಯವೂ ಇಲ್ಲದೆ ಅವಳು ಓದಿದ ಮೊದಲ ಹೆಸರು ಅದು. ಓದಿದ ಸಂತೋಷ ಮುಖಕ್ಕೆ ಬರುವ ಮೊದಲೇ ಅವಳ ಕಣ್ಣು ಕೆಳಗಿಳಿಯಿತು. ಅವಳ ಎಡಗೈ, ನಲವತ್ತು ವರ್ಷಗಳ ರೂಢಿಯಂತೆ, ಪಕ್ಕದಲ್ಲಿ ಕುಳಿತ ಬೀಬಿಜಾನಳ ಮುಂಗೈಯನ್ನು ಹಿಡಿದುಕೊಂಡಿತ್ತು.

ಬಿಟ್ಟು ತಿದ್ದಿದಳು: ಮೂಲೆಯಲ್ಲಿ ಹೆಸರಿಲ್ಲ, ಒಂದು ಪ್ರಶ್ನೆಚಿಹ್ನೆ. ಹಿಡಿದು ತಿದ್ದಿದಳು: ಬೀಬಿಜಾನ. ಬಿಟ್ಟಳು, ಹಿಡಿದಳು, ಬಿಟ್ಟಳು.

"ಆಪಾ, ನಿನ್ನ ಸುದ್ದಿ ನನ್ನ ಮೈಯಾಗಿಂದ ಹಾದು ಹೋಗಾಕತ್ತೇದ!"

"ಹೋಗಲಿ. ನನ್ನ ಮನಿ ಸುದ್ದಿ ನಿನ್ನ ಬಾಯಾಗಿಂದ ಊರಿಗೆಲ್ಲ ಹೋಗೇ ಹೋಗ್ತದ."

ಹಾಗಾದರೆ ತನ್ನ ಸುದ್ದಿ ಎಲ್ಲಿ? ಮೆಹರಾಜಬೇಗಂ ತನ್ನ ಬಲಗೈಯನ್ನು ಗಿರಾಕಿಯ ಕೈಯಂತೆ ಹಿಡಿದು ತಿರುಗಿಸಿ ನೋಡಿದಳು. ಮಣಿಕಟ್ಟಿನಿಂದ ಮೇಲಕ್ಕೆ ಒತ್ತಾಗಿ ಎರಡು ಡಜನ್ ಹಸಿರು ಬಳೆ. ಅವುಗಳ ಮೇಲೆ ಬಿಗಿದ ಕೈಪಟ್ಟಿ; ಅದರ ಸುದ್ದಿ ಗಾಜಿನ ಬಳೆ ದಾಟಿ ಮೈಗೆ ಇಳಿದೇ ಇರಲಿಲ್ಲ. ಉಳಿದ ಹೆಂಗಸರಿಗೆ ಇದ್ದದ್ದು ನಾಲ್ಕೋ ಆರೋ ಬಳೆ. ಅವರ ಕೈಪಟ್ಟಿ ಚರ್ಮಕ್ಕೆ ತಾಗಿತ್ತು. ಫೆಬ್ರವರಿ 11, ಭಾನುವಾರ, ಹಿರೋಳ್ಳಿಯ ಬಸ್ಸಿನ ನೂಕುನುಗ್ಗಲಿನಲ್ಲಿ ಅವಳ ಐದು ಬಳೆಗಳು ಒಡೆದಿದ್ದವು. ಮರುದಿನ ವರ್ಗದಲ್ಲಿ ಕೈಪಟ್ಟಿ ಆ ಖಾಲಿ ಜಾಗಕ್ಕೆ ಜಾರಿತ್ತು. ನಾಲ್ಕು ಅಕ್ಷರ ಮುಗಿದ ಮೇಲೆ ಅವಳೇ ಅದನ್ನು ಮತ್ತೆ ಬಳೆಗಳ ಮೇಲಕ್ಕೆ ತಳ್ಳಿದ್ದಳು.

ಮಾರ್ಚ್ 1, ಶುಕ್ರವಾರ, ಗುರುಶಾಂತ ಸ್ವತಃ ಬಂದ. ಹಿಡಿದು ಬಿಟ್ಟು ತೋರಿಸಿದ್ದನ್ನೆಲ್ಲ ಮೂರು ಬಾರಿ ನೋಡಿದ.

"ಪ್ರಯೋಗಶಾಲೆದಾಗ ಆರು ತಿಂಗಳು ನೋಡೀವ್ರಿ ಚಾಚಿ. ಒಬ್ಬರ ಕೈ ಒಬ್ಬರು ಹಿಡಕೊಂಡು ಕುಂಡ್ರತಾರಂತ ಯಾರಿಗೂ ಹೊಳಿಲಿಲ್ಲ."

"ನಿಮ್ಮ ಕಡಿ ಮಂದಿ ಕೈ ಹಿಡಿಯಂಗಿಲ್ಲೇನು?"

ಅವನು ನಕ್ಕ. ಹಳೆಯ ಅಕ್ಷರಗಳನ್ನು ಅವಳ ಹೆಸರಿಗೆ ಬರೆಯಲು ಮಾತ್ರ ಒಪ್ಪಲಿಲ್ಲ. ಯಾದಿಯನ್ನು ಕೈಯಿಂದ ತಿದ್ದತೊಡಗಿದರೆ ಯಾದಿಗೆ ಅರ್ಥವೇ ಉಳಿಯುವುದಿಲ್ಲ ಎಂದ. ಉಳಿದದ್ದು ಒಂದೂವರೆ ದಿನ, ನೂರ ತೊಂಬತ್ತಾರು ಅಕ್ಷರ.

"ಬಳಿ ತಗದು, ಬರಿಗೈಗಿ ಕಟ್ಕೋರಿ. ಆಯ್ತಲ್ಲ."

"ಬಳಿ ತಗಿಯಾಂಗಿಲ್ಲ," ಎಂದಳು ಮೆಹರಾಜಬೇಗಂ. "ನನ್ನ ಗಂಡ ಇನ್ನೂ ಅದಾನ. ಮ್ಯಾಲಾಗಿ ನಾ ಮನಿಯಾರ ಹೆಂಗಸು. ನಾನ ಬರಿಗೈಲೆ ಕುಂತ್ರ ನನ್ನ ಕಡಿಂದ ಯಾರು ಬಳಿ ಇಟ್ಕೋತಾರ?"

ಅವಳು ಕೈಪಟ್ಟಿಯನ್ನು ತೆಗೆದುಕೊಂಡು ಬೆರಳುಗಳ ನಡುವೆ ಹಿಗ್ಗಿಸಿ ನೋಡಿದಳು. "ಇದು ಎರಡು-ಎರಡರ ಅಳತಿ," ಎಂದಳು. ಬಳೆಗಳನ್ನೆಲ್ಲ ಮೊಣಕೈಯತ್ತ ಏರಿಸಿ ಬಿಗಿ ಮಾಡಿದಳು; ಬಕ್ಕಲ್ ಬಿಚ್ಚದೆ, ಹೆಬ್ಬೆರಳು ಮಡಚಿ, ಗೆಣ್ಣು ಒತ್ತಿ, ಚಿಕ್ಕ ಬಳೆಯನ್ನು ಏರಿಸುವಂತೆಯೇ ಕೈಪಟ್ಟಿಯನ್ನು ಮಣಿಕಟ್ಟಿನ ಅತಿ ಸಪೂರ ಜಾಗಕ್ಕೆ ಇಳಿಸಿದಳು. ಬಳೆಗಳು ಹಿಂದೆ, ಪಟ್ಟಿ ಮುಂದೆ, ಕೆಳಗೆ ಬರಿಯ ಚರ್ಮ.

ಗಾಜು ಮುಟ್ಟಿದಳು. ಮೂಲೆಯಲ್ಲಿ ಉದ್ದನೆಯ ಹೆಸರು ಮೂಡಿತು. ಓದಲು ಸ್ವಲ್ಪ ಹೊತ್ತು ಬೇಕಾಯಿತು. ಯಾರೂ ಅವಸರ ಮಾಡಲಿಲ್ಲ.

ಆದರೆ ಹತ್ತು ಅಕ್ಷರ ತಿದ್ದುವಷ್ಟರಲ್ಲಿ ಎಡಗೈ ಮತ್ತೆ ಪಕ್ಕಕ್ಕೆ ಹೋಯಿತು. ಮೂಲೆಯ ಹೆಸರು ಮಿನುಗತೊಡಗಿತು. ಒಮ್ಮೆ ಅವಳದು, ಒಮ್ಮೆ ಬೀಬಿಜಾನಳದು. ವಿಜಯಶ್ರೀ ಗದರಿದಳು. ಎಡಗೈಯನ್ನು ಮಡಿಲಲ್ಲಿಟ್ಟರೆ ಅಕ್ಷರ ಗೆರೆ ಬಿಟ್ಟು ಹೊರಗೆ ಹೋಯಿತು.

"ಏನ ಹಣೇಬರಹಬೇ ನಿಂದು!" ಎಂದು ಬೀಬಿಜಾನ ತನ್ನ ಕೈಪಟ್ಟಿಯನ್ನು ಬಿಚ್ಚಿ ಗುರುಶಾಂತನ ಮುಂದಿಟ್ಟಳು. "ತಗೋರಿ ಸರ್. ನನಗ ಪರೀಕ್ಷಾನೂ ಬ್ಯಾಡ, ಮೊದಲನೇ ನಂಬರೂ ಬ್ಯಾಡ. ಚಹಾ ಒಂದು ತಪ್ಪಸಬ್ಯಾಡ್ರಿ." ಬಳಿಕ ತನ್ನ ಬರಿಗೈಯನ್ನು ಗೆಳತಿಯ ಎಡಗೈಯೊಳಗೆ ಇಟ್ಟಳು. "ಹಿಡಕೋ. ಈಗ ಬರಿ."

ವರ್ಗವಿಲ್ಲದ ಶನಿವಾರವೂ ಭವನ ತೆರೆದಿತ್ತು; ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷಕ್ಕೆ ಇನ್ನೂರನೆಯ ಅಕ್ಷರ ಮುಗಿಯಿತು. ಐದರೊಳಗೆ ಹೆಸರು ಹೋಯಿತು. ಮಾರ್ಚ್ 17, ಭಾನುವಾರ, ಮೆಹರಾಜಬೇಗಂ ಅಫಜಲಪುರದಲ್ಲಿ ಪರೀಕ್ಷೆ ಬರೆದಳು. ಅಲ್ಲಿ ಗಾಜಿರಲಿಲ್ಲ, ಕಾಗದ ಮತ್ತು ಪೆನ್ನು. ಪಕ್ಕದವರ ಕೈ ಹಿಡಿಯುವಂತಿರಲಿಲ್ಲ. ಎಡಗೈಯಿಂದ ಬೆಂಚಿನ ಅಂಚನ್ನು ಹಿಡಿದು ಬರೆದಳಂತೆ.

ಮರುದಿನ ದಾರದ ಡಬ್ಬಿಯನ್ನೂ ಒಂದು ನೋಟುಬುಕ್ಕನ್ನೂ ಎದುರಿಗಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಳು. ಮೊದಲ ಪುಟದ ಮೊದಲ ಸಾಲಿಗೆ ಯಾವ ದಾರವನ್ನೂ ಎತ್ತಿಕೊಳ್ಳಲಿಲ್ಲ. ನಿಧಾನವಾಗಿ ಒಂದು ಹೆಸರು ಬರೆದು, ಎದುರಿಗೆ ಎರಡು-ಆರು ಎಂದು ಅಂಕಿ ಹಾಕಿ, ಪಕ್ಕದಲ್ಲಿದ್ದವಳಿಗೆ ತೋರಿಸಿದಳು.

"ಏನದ?" ಎಂದಳು ಬೀಬಿಜಾನ.

"ನಿನ್ನ ಹೆಸರು. ನಿನ್ನ ಕೈ ಅಳತಿ."

ಬೀಬಿಜಾನ ಹದಿಮೂರು ವರ್ಷಗಳಿಂದ ಬಳೆ ಕಾಣದ ತನ್ನ ಮಣಿಕಟ್ಟನ್ನು ಒಮ್ಮೆ ನೋಡಿಕೊಂಡಳು.

"ಆರುನೂರ ಹನ್ನೆರಡು ಬರದಿದ್ದಿ ನನ್ನ ಹೆಸರಿಗಿ," ಎಂದಳು. "ಇನ್ನ ನಾಲ್ಕು ಕೂಡಸಿದೇನು?"

ಮೆಹರಾಜಬೇಗಂ ಹೆಸರಿನ ಅಕ್ಷರಗಳನ್ನು ಬೆರಳಿಟ್ಟು ಎಣಿಸಿದಳು. ನಾಲ್ಕೇ ಇದ್ದವು.