ದೊಡ್ಡಮ್ಮ ಟಿವಿಯಲ್ಲಿ ಅಳಲಿಲ್ಲ

ಆಗ ಮಧ್ಯಾಹ್ನದ ಹೊತ್ತು ಟಿವಿಯಲ್ಲಿ ಒಂದು ಕಾರ್ಯಕ್ರಮ ಬರುತ್ತಿತ್ತು. ದಿನಕ್ಕೊಬ್ಬ ಸಾಮಾನ್ಯ ಹೆಂಗಸನ್ನು ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಕೂರಿಸಿ, ಅವಳ ಬದುಕಿನ ಕಥೆ ಕೇಳಿ, ಕೊನೆಗೆ ಹೆಗಲಿಗೆ ರೇಷ್ಮೆ ಸೀರೆ ಹೊದಿಸಿ ತಲೆಗೊಂದು ಮಿಂಚುವ ಕಿರೀಟ ಇಡುತ್ತಿದ್ದರು. ಕಾರ್ಯಕ್ರಮಕ್ಕೆ ಏನೋ ಉದ್ದನೆಯ ಹೆಸರಿತ್ತು. ನಮ್ಮೂರು ದುದ್ದದ ಹೆಂಗಸರ ಬಾಯಲ್ಲಿ ಅದು ಬರೀ ‘ಕಿರೀಟದ ಪ್ರೋಗ್ರಾಂ’.

ನನ್ನ ಅಪ್ಪ ಅಮ್ಮ ಇದ್ದದ್ದು ಅರಕಲಗೂಡಿನಲ್ಲಿ. ನಾನು ದುದ್ದದಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಹಾಸನದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಿದ್ದೆ. ರಜೆಯ ದಿನಗಳಲ್ಲಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಬೀದಿಯ ಹೆಂಗಸರೆಲ್ಲ ನಮ್ಮ ನಡುಮನೆಗೆ ಬರುತ್ತಿದ್ದರು. ಸುಮ್ಮನೆ ಯಾರೂ ಕೂರುತ್ತಿರಲಿಲ್ಲ. ಒಬ್ಬರ ಮುಂದೆ ಅವರೆಕಾಯಿ, ಇನ್ನೊಬ್ಬರ ಕೈಯಲ್ಲಿ ಹೂವು, ದಾರ. ಟಿವಿಯಲ್ಲಿ ಆ ಹೆಂಗಸು ತನ್ನ ಕಷ್ಟ ಹೇಳಿಕೊಂಡು ಅಳಲು ಶುರು ಮಾಡಿದರೆ ಇಲ್ಲಿ ಇವರೂ ಸೆರಗು ಬಾಯಿಗೆ ಒತ್ತಿಕೊಳ್ಳುವರು. ದೊಡ್ಡಮ್ಮ ಮಾತ್ರ ಮೊರವನ್ನು ಪಕ್ಕಕ್ಕೆ ಎಳೆದುಕೊಂಡು, “ಇವತ್ತು ಸಾರಿಗೆ ಉಪ್ಪು ಆಕ್ಬ್ಯಾಡ್ರವ್ವ, ಕಾಳಿನ ಮ್ಯಾಲೆಲ್ಲ ಕಣ್ಣೀರು ಬಿದ್ದೈತೆ” ಅನ್ನುವಳು. ಅಳುತ್ತಿದ್ದವರು ಅಲ್ಲಿಗೇ ನಗುವರು.

ದೊಡ್ಡಮ್ಮ ಎತ್ತರದ ಆಳು, ಗಂಟಲು ಇನ್ನೂ ಎತ್ತರ. ದೊಡ್ಡಪ್ಪನಿಗೆ ಮಂಡಿ ನೋವು ಬಂದು ಅವರ ಮೊಪೆಡ್ ಕೊಟ್ಟಿಗೆಯಲ್ಲಿ ಧೂಳು ಹಿಡಿಯುತ್ತಿದ್ದಾಗ, ತೋಟದಿಂದ ಹುಲ್ಲು ತರಲು, ಡೇರಿಗೆ ಹಾಲು ಹಾಕಲು ಅವಳೇ ಅದನ್ನು ಹತ್ತಲು ತೀರ್ಮಾನಿಸಿದಳು. ಆಗಲೇ ಅವಳಿಗೆ ನಲವತ್ತು ದಾಟಿತ್ತು. ನೀರಿಲ್ಲದ ಕೆರೆಯಂಗಳದಲ್ಲಿ ದೊಡ್ಡಪ್ಪ ಒಂದು ಕಲ್ಲಿನ ಮೇಲೆ ಕೂತು ಕೂಗಿ ಕೂಗಿ ಹೇಳಿಕೊಟ್ಟರು. ಅವಳು ಬಿದ್ದಳು, ಎದ್ದಳು, ಕಲಿತಳು. ಅದನ್ನು ನೋಡಿ, ಚನ್ನರಾಯಪಟ್ಟಣದಿಂದ ಮದುವೆಯಾಗಿ ಬಂದಿದ್ದ ಪಕ್ಕದ ಮನೆಯ ಸೊಸೆ, “ಅತ್ತೆ, ನಂಗೂ ಯೋಳ್ಕೊಡಿ” ಅಂದಳು. ಆಮೇಲೆ ಮತ್ತೊಬ್ಬಳು, ಮಗದೊಬ್ಬಳು. ಸಂಜೆಯಾದರೆ ಕೆರೆಯಂಗಳದಲ್ಲಿ ಸೀರೆ ಎತ್ತಿ ಸಿಕ್ಕಿಸಿದ ಹೆಂಗಸರ ದಂಡು. ದೊಡ್ಡಮ್ಮ ಹಿಂದೆ ಓಡುತ್ತಾ, “ಬ್ರೇಕು ಇಡಿಯೇ! ಕಣ್ ಮುಚ್ಬ್ಯಾಡ ಕಣೇ!” ಎಂದು ಅರಚುವುದು ರಸ್ತೆಗೂ ಕೇಳುತ್ತಿತ್ತು.

ಒಂದು ದಿನ ಟಿವಿಯ ಕೆಳಗೆ ಬಂದ ನಂಬರಿಗೆ ನಾನು ಮನೆಯಲ್ಲಿ ಯಾರಿಗೂ ಹೇಳದೆ ಬೂತಿನಿಂದ ಫೋನ್ ಮಾಡಿ ಇಷ್ಟನ್ನೂ ಹೇಳಿಬಿಟ್ಟೆ. ಅವರ ತಂಡ ಹಾಸನಕ್ಕೆ ಬರುವುದಿತ್ತಂತೆ. ಸ್ವಲ್ಪ ದಿನಕ್ಕೆ ಮನೆಗೇ ಕರೆ ಬಂತು; ಮನೆಯಲ್ಲಿ ಯಾರ್ಯಾರಿದ್ದಾರೆ ಎಂದೂ ವಿಚಾರಿಸಿಕೊಂಡರು. ಸುದ್ದಿ ಕೇಳಿ ದೊಡ್ಡಮ್ಮ ನನ್ನ ಮೇಲೆ ರೇಗಿದಳು. “ನಾನೇನು ಸಾಧನೆ ಮಾಡಿವ್ನಿ ಅಂತ ಯೋಳ್ದೆ ನೀನು?” ಎಂದು ಬೈಯುತ್ತಲೇ ಟ್ರಂಕು ತೆಗೆದು ಯಾವ ಸೀರೆ ಉಡಲಿ ಎಂದು ಹುಡುಕತೊಡಗಿದಳು.

ಶೂಟಿಂಗ್ ನಡೆದದ್ದು ಹಾಸನದ ಒಂದು ಕಲ್ಯಾಣ ಮಂಟಪದಲ್ಲಿ. ನಮ್ಮೂರಿನ ಶಿಷ್ಯೆಯರೆಲ್ಲ ತಮ್ಮ ತಮ್ಮ ಗಾಡಿಗಳಲ್ಲೇ ಬಂದು ಹಿಂದಿನ ಸಾಲಿನಲ್ಲಿ ಕೂತರು. ಮುಖಕ್ಕೆ ಪೌಡರ್ ಹಚ್ಚುತ್ತಿದ್ದ ಹುಡುಗಿ ದೊಡ್ಡಮ್ಮನ ಕಿವಿಯಲ್ಲಿ, “ಅಮ್ಮಾ, ಅಳು ಬಂದ್ರೆ ತಡೀಬೇಡಿ, ಧಾರಾಳವಾಗಿ ಅತ್ತುಬಿಡಿ” ಅಂದಳು. ದೊಡ್ಡಮ್ಮ ಅವಳನ್ನು ವಿಚಿತ್ರವಾಗಿ ನೋಡಿದಳು.

ಕ್ಯಾಮೆರಾ ಶುರುವಾಯಿತು. ಕಾರ್ಯಕ್ರಮ ನಡೆಸುವಾಕೆ ಅದೂ ಇದೂ ಕೇಳಿ, ಆಮೇಲೆ ಸ್ವರ ತಗ್ಗಿಸಿ, “ಅಮ್ಮಾ, ನಿಮಗೆ ಮಕ್ಕಳಿಲ್ಲ. ಆ ನೋವನ್ನು ನಮ್ಮ ಜೊತೆ ಹಂಚಿಕೊಳ್ತೀರಾ?” ಎಂದು ಕೇಳಿದರು.

ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ನನ್ನ ಪಕ್ಕದಲ್ಲಿದ್ದ ದೊಡ್ಡಪ್ಪ ತಲೆ ತಗ್ಗಿಸಿ ತಮ್ಮ ಚಪ್ಪಲಿ ನೋಡುತ್ತಾ ಕೂತರು.

ದೊಡ್ಡಮ್ಮ ಸೆರಗು ಸರಿಮಾಡಿಕೊಂಡಳು. “ನೋವಿಲ್ಲ ಅಂದ್ರೆ ಸುಳ್ಳಾಯ್ತದೆ ಕಣವ್ವ. ಆದ್ರೆ ಅದು ನಂದು, ನಮ್ಮ್ ಯಜಮಾನ್ರುದು. ನಾವಿಬ್ರೂ ಮನೇಲಿ ಮಾತಾಡ್ಕೋತೀವಿ. ಇಲ್ಲಿ ಇಷ್ಟೊಂದ್ ಜನ ಬಂದವ್ರೆ, ಕುರ್ಚಿನೂ ಸಂದಾಗೈತೆ. ನಾನು ಗಾಡಿ ಕಲ್ತಿದ್ದು ಯೋಳ್ಲಾ?”

ಆಕೆ ಕೈಯಲ್ಲಿದ್ದ ಚೀಟಿ ಮಡಚಿಟ್ಟು, “ಹೇಳಿ” ಅಂದರು.

ದೊಡ್ಡಮ್ಮ ಕುರ್ಚಿಯ ಕೈಗಳನ್ನೇ ಹ್ಯಾಂಡಲ್ ಮಾಡಿಕೊಂಡು ಬಾಯಲ್ಲಿ ಗಾಡಿ ಸ್ಟಾರ್ಟ್ ಮಾಡಿದಳು. ಬ್ರೇಕ್ ಎಂದು ತಿಳಿದು ಆಕ್ಸಿಲರೇಟರ್ ತಿರುವಿದ್ದು, ಮೊಪೆಡ್ ಕೆರೆಯಂಗಳ ದಾಟಿ ಯಾರದೋ ಹುಲ್ಲಿನ ಮೆದೆಗೆ ನುಗ್ಗಿದ್ದು, ಅಲ್ಲಿ ಮಲಗಿದ್ದ ಎಮ್ಮೆ ಎದ್ದು ಊರಿನ ಕಡೆ ಓಡಿದ್ದು, ಮಂಡಿ ನೋವಿನ ದೊಡ್ಡಪ್ಪ ಅವಳನ್ನು ಬಿಟ್ಟು ಎಮ್ಮೆಯ ಹಿಂದೆ ಓಡಿದ್ದು. “ಎಮ್ಮೆ ಸಿಕ್ಕಿದ ಮ್ಯಾಲೆ ಬಂದು ಕೇಳಿದ್ರು, ನಿಂಗೇನಾದ್ರೂ ಆಯ್ತೇನೇ ಅಂತ! ಆವತ್ತೇ ಗೊತ್ತಾಗಿದ್ದು ನಂಗೆ, ಮಂಡಿ ನೋವು ಅಂಥಾದ್ದೇನಿಲ್ಲ ಅಂತ.”

ಕ್ಯಾಮೆರಾ ಹಿಡಿದವನ ಹೆಗಲು ಕುಲುಕುತ್ತಿತ್ತು. ಕಾರ್ಯಕ್ರಮ ನಡೆಸುವಾಕೆ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಕಾಡಿಗೆ ಕದಡಿ ಮತ್ತೆ ಹಚ್ಚಬೇಕಾಯಿತು. ಕೊನೆಗೆ ಕಿರೀಟ ತಂದರೆ ದೊಡ್ಡಮ್ಮನ ದಪ್ಪ ತುರುಬೂ ಅದರ ಸುತ್ತ ಮುಡಿದಿದ್ದ ಮಲ್ಲಿಗೆಯೂ ಅಡ್ಡ ಬಂದು ಅದು ಕೂರಲೇ ಇಲ್ಲ. “ಹೂವ ತೆಗೀಬ್ಯಾಡ ಕಣ್ ತಾಯಿ, ಇದುನ್ನ ಕೈಗೆ ಕೊಡು” ಎಂದು ಇಸಿದುಕೊಂಡು, ಆರತಿ ತಟ್ಟೆ ಹಿಡಿದಂತೆ ಹಿಡಿದು ನಿಂತಳು.

ಟಿವಿಯಲ್ಲಿ ಬರುವ ದಿನ ಗೊತ್ತಾದಾಗ ಊರಿಗೆಲ್ಲ ಹೇಳಿದ್ದಾಯಿತು. ಹೊಳೆನರಸೀಪುರದಲ್ಲಿದ್ದ ಅತ್ತೆಗೂ ಫೋನ್ ಮಾಡಿದ್ದಾಯಿತು. ಆದರೆ ಅದೇ ದಿನ ಲೈನಿನ ಕೆಲಸವಿದೆ, ಸಂಜೆಯವರೆಗೆ ಕರೆಂಟಿಲ್ಲ ಎಂಬ ಸುದ್ದಿ ಬೆಳಗ್ಗೆ ಬಂತು. ನನಗೆ ಅಳುವೇ ಬಂದಿತ್ತು.

“ಅದುಕ್ಯಾಕೆ ಮಕ ಊದುಸ್ಕೊಂಡಿದ್ದೀಯೇ? ಗಾಡಿ ಐತಲ್ಲ, ಆಸನದ ಪ್ಯಾಟೇಲಿ ಕರೆಂಟೂ ಐತೆ” ಎಂದಳು ದೊಡ್ಡಮ್ಮ.

ಬೇಗ ಉಂಡು ಹೊರಟೆವು. ದೊಡ್ಡಮ್ಮನ ಹಿಂದೆ ದೊಡ್ಡಪ್ಪ, ಪಕ್ಕದ ಮನೆಯ ಸೊಸೆಯ ಹಿಂದೆ ನಾನು, ನಮ್ಮ ಹಿಂದೆ ಉಳಿದವರ ಗಾಡಿಗಳು. ದಾರಿಯಲ್ಲಿ ಬಸ್ಸಿನವನು ಹಾರನ್ ಹೊಡೆದರೆ ಇವರೆಲ್ಲ ಸೇರಿ ತಿರುಗಿ ಹೊಡೆಯುವರು. ಹಾಸನದಲ್ಲಿ ಒಂದು ಟಿವಿ ಅಂಗಡಿಯ ಮುಂದೆ ದಂಡು ನಿಂತಿತು. ಇಷ್ಟು ಗಿರಾಕಿಗಳನ್ನು ಒಟ್ಟಿಗೆ ಕಂಡ ಅಂಗಡಿಯವರು ಎದ್ದೇ ನಿಂತರು.

“ಬನ್ನಿ ಬನ್ನಿ, ಯಾವ ಸೈಜು ತೋರಿಸ್ಲಮ್ಮ?”

“ತಗಳಾಕಲ್ಲ ಕಣಪ್ಪ. ಇನ್ನೊಂದ್ ಗಳಿಗೇಲಿ ನಾನು ಟಿವೀಲಿ ಬತ್ತೀನಿ. ನಮ್ಮೂರಲ್ಲಿ ಕರೆಂಟಿಲ್ಲ. ಒಂದ್ಚೂರು ಆಕ್ತೀಯಾ?”

ಅವರು ದೊಡ್ಡಮ್ಮನನ್ನು ನೋಡಿದರು, ನಮ್ಮನ್ನೆಲ್ಲ ನೋಡಿದರು, ನಕ್ಕರು. ಒಂದಲ್ಲ, ಅಂಗಡಿಯಲ್ಲಿದ್ದ ಎಲ್ಲ ಟಿವಿಗಳಿಗೂ ಅದೇ ಚಾನೆಲ್ ಹಾಕಿಸಿದರು. ಗೋಡೆಯ ತುಂಬ ದೊಡ್ಡಮ್ಮ! ಚಿಕ್ಕ ದೊಡ್ಡಮ್ಮ, ದೊಡ್ಡ ದೊಡ್ಡಮ್ಮ, ಬಣ್ಣ ಹೆಚ್ಚಾಗಿ ಕಿತ್ತಳೆಯಾದ ದೊಡ್ಡಮ್ಮ. ಪಕ್ಕದ ಮನೆಯ ಸೊಸೆ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು.

ಮಕ್ಕಳ ಪ್ರಶ್ನೆಯನ್ನು ಅವರು ಕತ್ತರಿಸಿರಲಿಲ್ಲ. ದೊಡ್ಡಮ್ಮ ಹೇಳಿದ್ದೆಲ್ಲ ಅಷ್ಟೂ ಟಿವಿಗಳಿಂದ ಮತ್ತೊಮ್ಮೆ ಕೇಳಿತು. ದೊಡ್ಡಪ್ಪ ಈ ಸಲ ತಲೆ ತಗ್ಗಿಸಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆ ತಿರುಗಿ, ನಮಗೆ ಕೇಳಿಸಬಾರದೆಂದು ಮೆಲ್ಲಗೆ, “ಸರ್ಯಾಗೇ ಯೋಳಿದ್ದೀಯ ಬುಡು” ಎಂದರು. ನನಗೆ ಕೇಳಿಸಿತು. ದೊಡ್ಡಮ್ಮ ಅವರ ಅಂಗಿಯ ತೋಳಿಗೆ ಅಂಟಿದ್ದ ದಾರಿಯ ಧೂಳನ್ನು ಕೈಯಿಂದ ಕೊಡವಿದಳು. ಅಷ್ಟರಲ್ಲಿ ಟಿವಿಯಲ್ಲಿ ಎಮ್ಮೆ ಓಡತೊಡಗಿತ್ತು. ಬಾಗಿಲಲ್ಲಿ ಸೇರಿದ್ದ ರಸ್ತೆಯ ಜನರೂ ನಮ್ಮ ಜೊತೆ ನಗುತ್ತಿದ್ದರು.

ಮುಗಿದ ಮೇಲೆ ದೊಡ್ಡಪ್ಪ ಎಲ್ಲರನ್ನೂ ಹೋಟೆಲಿಗೆ ಕರೆದೊಯ್ದರು. ಸಂಜೆಯ ದೋಸೆ ಆಗಷ್ಟೇ ಶುರುವಾಗಿತ್ತು. ಮಸಾಲೆ ದೋಸೆ ತಂದಿಟ್ಟ ಸಪ್ಲೈಯರ್ ದೊಡ್ಡಮ್ಮನ ಮುಖವನ್ನೇ ನೋಡುತ್ತಾ ನಿಂತುಬಿಟ್ಟ.

“ಅಮ್ಮಾ, ಈಗ ತಾನೇ ಟಿವೀಲಿ ಮೆದೆಗೆ ಗಾಡಿ ನುಗ್ಸಿದ್ದೋರು ನೀವೇ ಅಲ್ವಾ?”

ದೊಡ್ಡಮ್ಮ ದೋಸೆಯ ಗರಿಗರಿ ಅಂಚು ಮುರಿಯುತ್ತಾ, “ಊಂ ಕಣಪ್ಪ, ನಾನೇಯ. ಒಸಿ ಚಟ್ನಿ ತತ್ತಾ” ಎಂದಳು.