ಯಾರಿಂದ ಬಂತು ಎಂಬ ಪ್ರಶ್ನೆ

ಬೆಂಗಳೂರಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನನ್ನನ್ನು ಅಂಗಾತ ಮಲಗಿಸಿ, ನನ್ನ ಮುಖದ ಅಚ್ಚಿನಲ್ಲೇ ಮಾಡಿದ ಬಲೆಯಂಥ ಮುಖವಾಡವನ್ನು ಹಲಗೆಗೆ ಬಿಗಿಯುತ್ತಿದ್ದರು. ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಮುಚ್ಚಿದ ಮೇಲೆ ವಿಕಿರಣ ಕೊಡುವ ಯಂತ್ರ ಗುಂಯ್ ಎನ್ನುತ್ತ ಸುತ್ತ ತಿರುಗುತ್ತಿತ್ತು. ಕಣ್ಣು ಮುಚ್ಚಿದರೆ ನಾನು ಹೊಳೆನರಸೀಪುರದಲ್ಲಿ, ಹೇಮಾವತಿಯ ನೀರಿನೊಳಗೆ. ಮೇಲೆಲ್ಲ ಹಸಿರು ಬೆಳಕು ಅಲುಗುತ್ತಿತ್ತು. ದಡದಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಎಲ್ಲಿಂದಲೋ ತೇಲಿ ಬರುತ್ತಿತ್ತು. ಬಾಗಿಲು ತೆರೆದಾಗ ಎದ್ದು ಕೂರುವುದೇ ಬೇಡವೆನಿಸುತ್ತಿತ್ತು.

ಎರಡು ಸಾವಿರದ ದಶಕ ಮುಗಿಯುತ್ತಿದ್ದ ಕಾಲ ಅದು. ನಾನು ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಬೀಡಿ ಸೇದಿದವನಲ್ಲ, ಎಲೆಅಡಿಕೆಯ ಅಭ್ಯಾಸವೂ ಇಲ್ಲ. ಒಂದು ಬೆಳಿಗ್ಗೆ ಗಡ್ಡ ಕೆರೆದುಕೊಳ್ಳುವಾಗ ಕತ್ತಿನ ಪಕ್ಕ ಗಂಟೊಂದು ಕೈಗೆ ಸಿಕ್ಕಿತು. ನೋವಿರಲಿಲ್ಲ. ಹಾಸನದ ಡಾಕ್ಟರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಗಂಟಲ ಕ್ಯಾನ್ಸರ್ ಎಂದರು.

ಸ್ಟಾಫ್ ರೂಮಿನಲ್ಲಿ ಸುದ್ದಿ ಹಬ್ಬಿದ ದಿನ ಒಬ್ಬರು ಹತ್ತಿರ ಬಂದು, "ಕದ್ದುಮುಚ್ಚಿ ಸೇದ್ತಿದ್ರಾ ಸಾ?" ಅಂದರು. ಇನ್ನೊಬ್ಬರು ನನ್ನ ಕಾಫಿ ಲೋಟವನ್ನು ಮೆಲ್ಲಗೆ ಕಿಟಕಿಯ ಮೇಲೆ ಬೇರೆ ಇಟ್ಟರು.

ಚಿಕಿತ್ಸೆ ಶುರುವಾಗುವ ಮುಂಚೆ ಡಾಕ್ಟರಮ್ಮ ನನ್ನನ್ನೂ ಹೆಂಡತಿಯನ್ನೂ ಕೂರಿಸಿಕೊಂಡು ಹೇಳಿದರು: "ಇದು ತಂಬಾಕಿನಿಂದ ಬಂದದ್ದಲ್ಲ. ಎಚ್‌ಪಿವಿ ಅಂತ ಒಂದು ವೈರಸ್. ಗಂಡು ಹೆಣ್ಣು ಕೂಡಿದಾಗ ದಾಟುವಂಥದ್ದು. ಎಷ್ಟೋ ವರ್ಷ ಸುಮ್ಮನಿದ್ದು ಆಮೇಲೆ ಹೀಗೆ ಕಾಣಿಸ್ಕೊಳ್ಳುತ್ತೆ. ಈ ಬಗೆಯದು ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತೆ, ಧೈರ್ಯವಾಗಿರಿ."

ಕೊನೆಯ ಮಾತು ನನ್ನ ಕಿವಿಗೆ ಬಿತ್ತು. ಅವಳ ಕಿವಿಗೆ ಬಿದ್ದದ್ದು ಬೇರೆಯೇ. ಊರಿಗೆ ಮರಳುವಾಗ ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಿತು. ಯಾವಾಗಲೂ ಅಲ್ಲಿ ಇಳಿದು ಸೌತೆಕಾಯಿ ಕೊಳ್ಳುವವಳು ಅಂದು ಕಿಟಕಿಗೆ ತಲೆಯಾನಿಸಿ ಕೂತೇ ಇದ್ದಳು. ಗಾಜಿನ ಮೇಲೆ ಅವಳ ಉಸಿರು ಮೂಡುತ್ತಿತ್ತು, ಮಾಯುತ್ತಿತ್ತು.

ಅವಳದು ಅರಕಲಗೂಡಿನ ಕಡೆಯ ಹೊಗೆಸೊಪ್ಪು ಬೆಳೆಯುವ ಮನೆ. ಮೊದಲ ಮದುವೆಯಾದ ವರ್ಷದೊಳಗೇ ಗಂಡ ಲಾರಿ ಅಪಘಾತದಲ್ಲಿ ತೀರಿಕೊಂಡಿದ್ದ. ಗಂಡನನ್ನು ನುಂಗಿಕೊಂಡವಳು ಎಂದು ನೆಂಟರೇ ಆಡಿಕೊಳ್ಳುತ್ತಿದ್ದರು. ತೊಂಬತ್ತರ ದಶಕದ ನಡುವಿನಲ್ಲಿ ನಾನಾಗಿ ಕೇಳಿ ಅವಳನ್ನು ಮದುವೆಯಾದೆ. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಎಂದೂ ಬಂದಿರಲಿಲ್ಲ.

ಚಿಕಿತ್ಸೆಗಾಗಿ ಆಸ್ಪತ್ರೆಯ ಹತ್ತಿರ ಒಂದು ಕೋಣೆ ಹಿಡಿದೆವು. ವಾರಗಳು ಹೋದಂತೆ ನನ್ನ ಬಾಯೆಲ್ಲ ಹುಣ್ಣಾಯಿತು. ಅನ್ನಕ್ಕೆ ಮಣ್ಣಿನ ರುಚಿ, ಆಮೇಲೆ ಯಾವ ರುಚಿಯೂ ಇಲ್ಲ. ಮಾತು ನಿಂತಿತು. ಹಗಲೇ ಅರೆನಿದ್ದೆಯಲ್ಲಿ ತೇಲುತ್ತ, ಸೀರೆಯ ಸರಬರ, ಲೋಟದಲ್ಲಿ ಚಮಚದ ಸದ್ದು ಕೇಳುತ್ತ ಮಲಗಿರುತ್ತಿದ್ದೆ. ಒಂದು ಮಧ್ಯಾಹ್ನ ನಾನು ನಿದ್ದೆಯಲ್ಲಿದ್ದೇನೆಂದುಕೊಂಡು ಅವಳು ಗೋಡೆಗೆ ಹೇಳಿಕೊಳ್ಳುವಂತೆ ಹೇಳಿದಳು.

"ನನ್ನಿಂದ್ಲೇ ಬಂದದ್ದು. ಅವ್ರಿಂದ ನಂಗೆ, ನನ್ನಿಂದ ನಿಮ್ಗೆ. ಜನ ಅಂದಿದ್ದು ಸುಳ್ಳಲ್ಲ. ಒಬ್ರನ್ನ ನುಂಗ್ದೆ, ಈಗ ನಿಮ್ಮನ್ನೂ..."

ಕನಸೋ ನಿಜವೋ ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಕಣ್ಣು ಬಿಟ್ಟೆ. ಬಾಯಿ ತೆರೆದರೆ ಗಾಳಿ ಬಿಟ್ಟರೆ ಏನೂ ಹೊರಡಲಿಲ್ಲ. ಅವಳ ಅಂಗೈ ಎಳೆದು ಬೆರಳಿನಿಂದ 'ಇಲ್ಲ' ಎಂದು ಬರೆದೆ. ಅವಳು ಕೈ ಬಿಡಿಸಿಕೊಂಡಳು. ಮತ್ತೆ ಎಳೆದು ಮತ್ತೆ ಬರೆದೆ. ಅವಳು ಅತ್ತಳು. ನನ್ನ ಮಾತನ್ನು ನಂಬಲಿಲ್ಲವೆಂಬುದು ಆ ಅಳುವಿನಲ್ಲೇ ಗೊತ್ತಾಯಿತು.

ಮರುದಿನ ಚೀಟಿಯಲ್ಲಿ ಎಲ್ಲ ಬರೆದು ಡಾಕ್ಟರಮ್ಮನ ಮುಂದೆ ಇಟ್ಟೆ. ಅವರು ಓದಿ, ಕುರ್ಚಿಯನ್ನು ಇವಳ ಪಕ್ಕಕ್ಕೆ ಎಳೆದುಕೊಂಡರು.

"ಯಾರಿಂದ ಯಾರಿಗೆ ಬಂತು ಅಂತ ಯಾವ ಪರೀಕ್ಷೆಯೂ ಹೇಳಲ್ಲಮ್ಮ. ಬಹಳಷ್ಟು ಜನಕ್ಕೆ ಒಂದಲ್ಲ ಒಂದು ಸಲ ಬಂದು, ಗೊತ್ತೇ ಆಗ್ದೆ ಹೋಗಿಬಿಟ್ಟಿರುತ್ತೆ. ಇದರಲ್ಲಿ ತಪ್ಪು ಮಾಡ್ದೋರು ಅಂತ ಯಾರೂ ಇಲ್ಲ. ನೀವೂ ಗರ್ಭಕೋಶದ ಬಾಯಿಯ ಪರೀಕ್ಷೆ ಒಂದು ಮಾಡಿಸ್ಕೊಳ್ಳಿ, ನಿಮ್ಮ ಒಳ್ಳೇದಕ್ಕೆ."

ಮಾಡಿಸಿಕೊಂಡಳು. ತೊಂದರೆ ಏನೂ ಇರಲಿಲ್ಲ. ವರದಿ ಬಂದ ಸಂಜೆ ಅವಳು ಎಷ್ಟೋ ದಿನಗಳ ಮೇಲೆ ತಲೆ ಬಾಚಿ ಹೂ ಮುಡಿದಳು.

ಚಿಕಿತ್ಸೆ ಮುಗಿದು, ಗಂಟು ಕರಗಿದೆಯೆಂದು ಡಾಕ್ಟರಮ್ಮ ಹೇಳಿದ ಮೇಲೆ ಅರಕಲಗೂಡಿಗೆ ಹೋದೆವು. ಮಾವ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಬಾಗಿಲಲ್ಲಿ ಕೂತಿದ್ದರು. ಒಳಗೆ ಬೆಂಕಿಯಿರಲಿಲ್ಲ.

"ಈ ವರ್ಸ ಸೊಪ್ಪು ಆಕ್ನಿಲ್ಲ ಅಳಿಮಯ್ಯ," ಎಂದರು. "ನೀವು ಬಂದಾಗೆಲ್ಲ ಇಲ್ಲೇ ಕೂರುಸ್ಕೊಂಡು ಮಾತಾಡ್ತಿದ್ದೆ. ಈ ಒಗೆನೇ ನಿಮ್ ಗಂಟ್ಲು ತಿಂತು. ನಂಗ್ ಗೊತ್ತು ಕಣಪ್ಪ."

ನಾನೂ ಇವಳೂ ಮುಖ ಮುಖ ನೋಡಿಕೊಂಡೆವು. ಒಂದೇ ಕಾಯಿಲೆಯ ಹೊರೆಯನ್ನು ಮಗಳು ಒಂದು ಕಡೆ, ಅಪ್ಪ ಇನ್ನೊಂದು ಕಡೆ ಹೊತ್ತುಕೊಂಡು ತಿಂಗಳುಗಟ್ಟಲೆ ಸವೆದಿದ್ದರು. ನನ್ನ ದನಿ ಆಗಿನ್ನೂ ಪಿಸುಮಾತಿನಷ್ಟೇ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು.

"ಒಗೆಯಿಂದ ಅಲ್ಲ ಕಣಪ್ಪ. ಅದೊಂದು ವೈರಸ್ಸು. ಗಂಡ ಎಂಡ್ತಿಗೆಲ್ಲ ಬರೋದು. ನನ್ನಿಂದ್ಲೇ ಬಂತು ಅಂದ್ಕೊಂಡಿದ್ದೆ. ಡಾಕ್ಟ್ರಮ್ಮ ಅಂಗನ್ಬ್ಯಾಡ ಅಂದ್ರು."

ತಂದೆಯ ಎದುರು ಅಂಥ ಮಾತು ಆಡಿದ್ದಕ್ಕೆ ಅವಳ ಕಿವಿಯೆಲ್ಲ ಕೆಂಪಾಯಿತು. ಮುಸುಕಿನ ಜೋಳದ ಹೊಲದ ಮೇಲೆ ಬಿಸಿಲು ಮಂಜಿನಂತೆ ನಿಂತಿತ್ತು.

"ನೀನ್ಯಾರ್ನೂ ನುಂಗಿಲ್ಲ ಕಣವ್ವ," ಎಂದರು ಮಾವ. "ಅವತ್ತೇ ಯೋಳ್ಬೇಕಿತ್ತು ನಾನು."

ಆ ವರ್ಷದ ಕೊನೆಗೆ ಅದೇ ಮನೆಯಲ್ಲಿ ನಾಮಕರಣವೊಂದಿತ್ತು. ಚಿಕಿತ್ಸೆಯಿಂದ ನನಗೆ ಜೊಲ್ಲು ಬತ್ತಿಹೋಗಿತ್ತು. ಇಂದಿಗೂ ಪೂರ್ತಿ ಬಂದಿಲ್ಲ. ಮುದ್ದೆಯನ್ನು ಸಣ್ಣಗೆ ಮುರಿದು, ಸಾರಿನಲ್ಲಿ ತೇಲಿಸಿ, ಒಂದೊಂದೇ ತುತ್ತು ಇಳಿಸುತ್ತಿದ್ದೆ. ಪಂಕ್ತಿಯಲ್ಲಿ ಯಾರೋ ನೆಂಟರು ಇವಳ ಕಡೆ ನೋಡುತ್ತ, ಕಾಯಿಲೆ ಎಲ್ಲಿಂದ ಬಂತೆಂದು ಕೆದಕಿದರು. ಮಾವ ಸಾರಿನ ಬಕೆಟ್ ಹಿಡಿದು ಅಲ್ಲೇ ನಿಂತಿದ್ದರು.

"ಯಾರಿಗ್ ಬೇಕಾದ್ರೂ ಬತ್ತದಂತೆ, ನಿಮ್ಗೂ ಬಂದೋಗಿರ್ಬೌದು," ಎಂದರು. "ಎಲೆ ನೋಡ್ಕೊಂಡು ಉಣ್ಣಿ."

ಅನ್ನ ಬಡಿಸುತ್ತಿದ್ದ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.